ಊರಿಗೆ ಬಂದ ಸುದ್ದಿ ಮನೆಗೂ ಬಂತೇ?

ನಿಮ್ಮ ಮನೆಯಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಯೋ ಯಾವುದಾದರೂ ಅಂಗಡಿಯ ಹಳೆಯ ಬಿಲ್ಲೋ ಇದ್ದರೆ ಒಮ್ಮೆ ತೆಗೆದು ನೋಡಿ. ಚನ್ನಗಿರಿಯ ಎಸ್‌ಟಿಡಿ ಸಂಕೇತ 08189. ಹೊನ್ನಾಳಿಯದು 08188, ನ್ಯಾಮತಿಗೂ ಅದೇ. ಜಗಳೂರಿನದು 08196. ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಸಂಕೇತಗಳು ಬೇರೆಯೇ ಕಥೆ ಹೇಳುತ್ತವೆ. ಚನ್ನಗಿರಿ, ಹೊನ್ನಾಳಿಗಳ ಸಂಖ್ಯೆಗಳು ಶಿವಮೊಗ್ಗ (08182), ಶಿಕಾರಿಪುರ (08187) ಇವುಗಳ ಸಾಲಿಗೆ ಸೇರುತ್ತವೆ. ಜಗಳೂರಿನ ಸಂಖ್ಯೆ ಚಿತ್ರದುರ್ಗ (08194), ಚಳ್ಳಕೆರೆ (08195) ಇವುಗಳ ಸಾಲಿಗೆ ಸೇರುತ್ತದೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಜಿಲ್ಲೆಯ ನಕ್ಷೆ ಬದಲಾಯಿತು, ದೂರವಾಣಿ ಸಂಕೇತ ಬದಲಾಗಲಿಲ್ಲ. 2018ರಲ್ಲಿ ನ್ಯಾಮತಿ ಹೊಸ ತಾಲ್ಲೂಕಾದರೂ ಅದಕ್ಕೆ ಪ್ರತ್ಯೇಕ ಸಂಕೇತ ಬರಲಿಲ್ಲ. ಕಾರಣ ಸರಳ. ಸಂಪರ್ಕ ಜಾಲವು ಕಂದಾಯ ಇಲಾಖೆಯ ಗಡಿಯನ್ನು ಅನುಸರಿಸುವುದಿಲ್ಲ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ವಿನಿಮಯ ಕೇಂದ್ರ ಎಲ್ಲಿದೆ, ನಡುವೆ ಗುಡ್ಡ ಇದೆಯೇ ಎಂಬುದನ್ನು ಅನುಸರಿಸುತ್ತದೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಮಳೆಗಾಲದ ಒಂದು ರಾತ್ರಿ. ಮಲೆನಾಡಿನಲ್ಲಿ ಜೋರು ಮಳೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದಾದ್ದರಿಂದ ಬೇಗ ತುಂಬುತ್ತದೆ, ಹೆಚ್ಚಾದ ನೀರನ್ನು ಹೊಳೆಗೆ ಬಿಡಲೇಬೇಕು. ಆ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ತುಂಗಭದ್ರೆಯಾಗಿ ಹೊನ್ನಾಳಿಯ ಕಡೆಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಈ ಹೊಳೆ ಉಕ್ಕಿ ಹರಿದದ್ದು ನಿಮಗೆ ನೆನಪಿರಬಹುದು. ನೀರು ಬರುವ ಮೊದಲು ಸುದ್ದಿ ಬರಬೇಕು. ಹೊಳೆದಂಡೆಯ ಮನೆಯಲ್ಲಿ ಕರೆಂಟು ಹೋಗಿದೆ. ಆ ಮನೆಗೆ ಸುದ್ದಿ ಯಾವ ದಾರಿಯಲ್ಲಿ ಬರುತ್ತದೆ? ಒಂದೊಂದೇ ದಾರಿಯನ್ನು ನೋಡೋಣ.

ತಂತಿಯ ದಾರಿ

ಹಳೆಯ ಸ್ಥಿರ ದೂರವಾಣಿಯಲ್ಲಿ ಪ್ರತಿಯೊಂದು ಮನೆಗೂ ವಿನಿಮಯ ಕೇಂದ್ರದಿಂದ ಪ್ರತ್ಯೇಕವಾದ ಒಂದು ಜೋಡಿ ತಾಮ್ರದ ತಂತಿ ಬರುತ್ತಿತ್ತು. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚಿ ಧ್ವನಿ ಕ್ಷೀಣಿಸುತ್ತದೆ. ಆದ್ದರಿಂದ ಕೇಂದ್ರದಿಂದ ಕೆಲವೇ ಕಿಲೋಮೀಟರು ದೂರದವರೆಗೆ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ತಾಲ್ಲೂಕು ಕೇಂದ್ರದಲ್ಲಿ ಫೋನು ಇದ್ದು, ಹತ್ತು ಹದಿನೈದು ಕಿಲೋಮೀಟರು ದೂರದ ಹಳ್ಳಿಯಲ್ಲಿ ಇಲ್ಲದಿದ್ದುದಕ್ಕೆ ಇದು ಮುಖ್ಯ ಕಾರಣ. ಹಳ್ಳಿಗೆ ಫೋನು ಬರಬೇಕಾದರೆ ವಿನಿಮಯ ಕೇಂದ್ರವೇ ಹಳ್ಳಿಗೆ ಬರಬೇಕಿತ್ತು. ಆದರೆ ಆಗಿನ ಯಂತ್ರಗಳಿಗೆ ದೊಡ್ಡ ಕಟ್ಟಡ ಬೇಕು, ಧೂಳು ಆಗದು, ಎಲೆಕ್ಟ್ರಾನಿಕ್ ಯಂತ್ರವಾದರೆ ಹವಾನಿಯಂತ್ರಣವೂ ಬೇಕು.

ಈ ತೊಡಕನ್ನು ಬಿಡಿಸಲು 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆಯನ್ನು ಕೇಂದ್ರ ಸರ್ಕಾರ ಸ್ಥಾಪಿಸಿತು. ಅದರ ಎಂಜಿನಿಯರುಗಳು ಹಳ್ಳಿಗಾಗಿಯೇ ಒಂದು ಪುಟ್ಟ ವಿನಿಮಯ ಕೇಂದ್ರವನ್ನು ರೂಪಿಸಿದರು. ಅದರಲ್ಲಿ 128 ಪೋರ್ಟ್‌ಗಳಿದ್ದವು. ಹವಾನಿಯಂತ್ರಣ ಬೇಕಿರಲಿಲ್ಲ, ನಮ್ಮ ಬಿಸಿಲನ್ನೂ ಧೂಳನ್ನೂ ತಾಳಿಕೊಳ್ಳುತ್ತಿತ್ತು. ಇಂಥ ಮೊದಲ ಕೇಂದ್ರ 1986ರ ಜುಲೈಯಲ್ಲಿ ಕೆಲಸ ಆರಂಭಿಸಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಆ ಬಳಿಕ ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಬಂದದ್ದು ಈ ಪೆಟ್ಟಿಗೆಯ ಮೂಲಕ. ಹಳದಿ ಫಲಕದ ಎಸ್‌ಟಿಡಿ ಬೂತುಗಳು ತಲೆಯೆತ್ತಿದ್ದೂ ಆಗಲೇ. ಊರಿಗೆಲ್ಲ ಒಂದೇ ಫೋನಾದರೂ ಸುದ್ದಿ ಬಂದರೆ ಯಾರಾದರೂ ಓಡಿಹೋಗಿ ಮನೆಗೆ ತಿಳಿಸುತ್ತಿದ್ದರು.

ತಾಮ್ರದ ಫೋನಿಗೆ ಇನ್ನೊಂದು ಗುಣವಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ನಿಮ್ಮ ಮನೆಯದ್ದಲ್ಲ. ವಿನಿಮಯ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತು ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಹೀಗಾಗಿ ಮನೆಯಲ್ಲಿ ದೀಪ ಆರಿದರೂ ಫೋನು ರಿಂಗಾಗುತ್ತಿತ್ತು. ಈಗ ಬೆಳಕಿನ ಎಳೆಯ ಮೂಲಕ ಬರುವ ಫೋನಿಗೆ ಈ ಗುಣವಿಲ್ಲ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಕರೆಂಟು ಹೋದರೆ ಗೋಡೆಯ ಮೇಲಿನ ಪೆಟ್ಟಿಗೆಯೂ ಫೋನೂ ಒಟ್ಟಿಗೇ ನಿಲ್ಲುತ್ತವೆ. ಹೊಸದು ಬಂದಾಗ ಹಳೆಯದರ ಯಾವ ಗುಣ ಕೈಬಿಟ್ಟುಹೋಯಿತು ಎಂಬುದನ್ನೂ ನಾವು ಗಮನಿಸಬೇಕು.

ಬಾನುಲಿಯ ದಾರಿ

ಈ ನಾಲ್ಕು ತಾಲ್ಲೂಕುಗಳ ಆಸುಪಾಸಿನಲ್ಲಿ ಎರಡು ಆಕಾಶವಾಣಿ ಕೇಂದ್ರಗಳಿವೆ. ಒಂದು 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ, ಇನ್ನೊಂದು ಚಿತ್ರದುರ್ಗ ಕೇಂದ್ರ. ಭದ್ರಾವತಿಯನ್ನು ಹಿರಿಯರು 675 ಕಿಲೋಹರ್ಟ್ಸ್ ಎಂದು ನೆನಪಿಟ್ಟುಕೊಂಡಿದ್ದಾರೆ, ಕಿರಿಯರಿಗೆ ಅದು ಎಫ್‌ಎಂ 103.5. ಚಿತ್ರದುರ್ಗ ಎಫ್‌ಎಂ 102.6. ಈ ಸಂಖ್ಯೆಗಳ ಅರ್ಥವೇನು?

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ವೇಗದಲ್ಲಿ ಚಲಿಸುತ್ತದೆ. 675 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 6,75,000 ಅಲೆಗಳು. ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಸುಮಾರು 444 ಮೀಟರು ಎಂದು ಸಿಗುತ್ತದೆ. ಇದೇ ತರಂಗಾಂತರ. ಇಷ್ಟು ಉದ್ದದ ಅಲೆ ನೆಲವನ್ನು ತಬ್ಬಿಕೊಂಡು, ದಿಣ್ಣೆ ಗುಡ್ಡಗಳನ್ನು ಬಳಸಿಕೊಂಡು ಮುಂದೆ ಸಾಗಬಲ್ಲದು. ರಾತ್ರಿಯಾದರೆ ಅಯಾನುಗೋಳದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರು ದೂರ ಹೋಗುತ್ತದೆ. ಹಗಲಿನಲ್ಲಿ ಸಿಗದ ದೂರದ ಸ್ಟೇಷನ್ನುಗಳು ಹಳೆಯ ರೇಡಿಯೋದಲ್ಲಿ ರಾತ್ರಿ ಸಿಗುತ್ತಿದ್ದುದು ಹೀಗೆ.

ಎಫ್‌ಎಂ ಅಲೆ ಹಾಗಲ್ಲ. 103.5 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 2.9 ಮೀಟರು ಮಾತ್ರ. ಇದು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಧ್ವನಿ ಸ್ಪಷ್ಟ, ಗುಡುಗು ಮಿಂಚಿನ ಗರಗರ ಕಡಿಮೆ. ಆದರೆ ಗುಡ್ಡದ ಹಿಂದೆ ನೆರಳು ಬೀಳುತ್ತದೆ. ಉಬ್ರಾಣಿ ಕಡೆಯ ಗುಡ್ಡಗಳ ಮರೆಯಲ್ಲಿ ಅಥವಾ ಜಗಳೂರಿನ ರಂಗಯ್ಯನದುರ್ಗದ ಬುಡದಲ್ಲಿ ನಿಂತು ಎಫ್‌ಎಂ ಹಾಕಿ, ಬಳಿಕ ಸ್ವಲ್ಪ ಬಯಲಿಗೆ ಬಂದು ಹೋಲಿಸಿ ನೋಡಿ. ಗುಡ್ಡದ ನೆರಳು ಎಂದರೇನೆಂದು ಕಿವಿಗೇ ತಿಳಿಯುತ್ತದೆ.

ರೇಡಿಯೋ ಬಹಳ ಮಿತವ್ಯಯಿ. ಎರಡು ಸೆಲ್ ಹಾಕಿದರೆ ದಿನಗಟ್ಟಲೆ ಕೇಳಬಹುದು. ಒಬ್ಬರು ಕೇಳಿದರೂ ಸಾವಿರ ಜನ ಕೇಳಿದರೂ ಪ್ರೇಷಕಕ್ಕೆ ಹೊರೆ ಒಂದೇ. ಓದಲು ಬಾರದವರಿಗೂ ತಲುಪುತ್ತದೆ. ಕೆಲವು ಮೊಬೈಲುಗಳಲ್ಲಿ ಎಫ್‌ಎಂ ಗ್ರಾಹಕ ಇರುತ್ತದೆ. ಅದು ಕೇಳಬೇಕಾದರೆ ಇಯರ್‌ಫೋನ್ ಸಿಕ್ಕಿಸಬೇಕು, ಏಕೆ ಗೊತ್ತೆ? ಇಯರ್‌ಫೋನಿನ ತಂತಿಯೇ ಆಂಟೆನಾ. 2.9 ಮೀಟರಿನ ಕಾಲು ಭಾಗ ಸುಮಾರು 72 ಸೆಂಟಿಮೀಟರು. ಇಯರ್‌ಫೋನಿನ ತಂತಿ ಇದಕ್ಕಿಂತ ಕೊಂಚ ಉದ್ದ. ಈ ಗ್ರಾಹಕವನ್ನು ಮೊಬೈಲುಗಳಲ್ಲಿ ಕೈಬಿಡಬಾರದೆಂದು 2023ರಲ್ಲಿ ಕೇಂದ್ರ ಸರ್ಕಾರ ತಯಾರಕರಿಗೆ ಸೂಚಿಸಿತು. ವಿಪತ್ತಿನ ಕಾಲದ ಉಪಯೋಗವೂ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಆಕಾಶದ ದಾರಿ

ಮನೆಯ ಮಾಳಿಗೆಯ ಮೇಲಿನ ಡಿಶ್ ಯಾವ ಕಡೆ ನೋಡುತ್ತಿದೆ ಎಂದು ಗಮನಿಸಿದ್ದೀರಾ? ದೂರದರ್ಶನದ ಉಚಿತ ಡಿಶ್ ಸೇವೆ 2004ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಅದರ ಉಪಗ್ರಹದ ಸ್ಥಾನ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ. ಚನ್ನಗಿರಿಯಿಂದ ಲೆಕ್ಕ ಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲೆ ಇರುತ್ತದೆ. ಇಷ್ಟು ಎತ್ತರದಿಂದ ನೋಡುವ ಉಪಗ್ರಹಕ್ಕೆ ಗುಡ್ಡ ಅಡ್ಡ ಬರುವುದು ಅಪರೂಪ. ಜಗಳೂರಿನ ಬಯಲಿಗೂ ಚನ್ನಗಿರಿಯ ತೋಟದ ಮನೆಗೂ ಚಿತ್ರ ಸಮಾನವಾಗಿ ಬರುತ್ತದೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಪ್ರಸಾರ ಮಾಡಿದ್ದಕ್ಕೆ ಈ ವಿಸ್ತಾರವೇ ಆಧಾರ.

ಆದರೆ ಡಿಶ್‌ಗೆ ಬರುವ ಅಲೆಗಳ ತರಂಗಾಂತರ ಸುಮಾರು ಎರಡೂವರೆ ಸೆಂಟಿಮೀಟರು. ದಪ್ಪ ಮಳೆಹನಿಗಳು ಈ ಅಲೆಗಳನ್ನು ಹೀರುತ್ತವೆ, ಚದುರಿಸುತ್ತವೆ. ಜೋರು ಮಳೆಯಲ್ಲಿ ಚಿತ್ರ ಚೂರುಚೂರಾಗಿ ನಿಂತುಹೋಗುವುದು ಇದರಿಂದಲೇ. ಟಿವಿಗೆ ಮನೆಯ ಕರೆಂಟೂ ಬೇಕು. ಅಂದರೆ ನಾವು ಊಹಿಸಿಕೊಂಡ ಮಳೆಯ ರಾತ್ರಿಯಲ್ಲಿ ಈ ದಾರಿ ಮೊದಲೇ ಮುಚ್ಚಿರುತ್ತದೆ.

ಟವರಿನ ದಾರಿ

ಮೊಬೈಲ್ ಟವರು 40 ಮೀಟರು ಎತ್ತರವಿದ್ದರೆ ರೇಡಿಯೋ ಅಲೆಗೆ ದಿಗಂತ ಸುಮಾರು 26 ಕಿಲೋಮೀಟರು ದೂರ. ಹಾಗಾದರೆ ಪ್ರತಿ 26 ಕಿಲೋಮೀಟರಿಗೆ ಒಂದು ಟವರು ಸಾಕಲ್ಲವೇ? ಸಾಲದು. ಇದಕ್ಕೆ ಎರಡು ಕಾರಣಗಳಿವೆ.

ಒಂದು, ಅಲೆಯ ಉದ್ದ. 700 ಮೆಗಾಹರ್ಟ್ಸ್‌ನ ಅಲೆ 43 ಸೆಂಟಿಮೀಟರು, 900ರದ್ದು 33, 1800ರದ್ದು 17, 2300ರದ್ದು 13 ಸೆಂಟಿಮೀಟರು. ಉದ್ದನೆಯ ಅಲೆ ಗೋಡೆಯನ್ನೂ ಎಲೆಗಳನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಗಿಡ್ಡ ಅಲೆ ಹೆಚ್ಚು ದತ್ತವನ್ನು ಹೊರುತ್ತದೆ, ಏಕೆಂದರೆ ಆ ಎತ್ತರದ ಆವೃತ್ತಿಗಳಲ್ಲಿ ಜಾಗ ವಿಶಾಲ. ಆದರೆ ಅದು ಬೇಗ ಸೋಲುತ್ತದೆ. ಚನ್ನಗಿರಿಯ ಅಡಿಕೆ ತೋಟದ ಒಳಗೆ ಹೋಗಿ ನೋಡಿ. ಹಸಿ ಸೋಗೆಯಲ್ಲಿ ನೀರಿನ ಅಂಶ ಹೆಚ್ಚು, ನೀರು ಈ ಅಲೆಗಳನ್ನು ಹೀರುತ್ತದೆ. ಮಳೆ ಬಂದು ತೋಟ ತೊಯ್ದಿದ್ದರೆ ಇನ್ನೂ ಹೆಚ್ಚು. ರಸ್ತೆಯಲ್ಲಿ ವಿಡಿಯೋ ನೋಡುತ್ತಿದ್ದವರಿಗೆ ತೋಟದೊಳಗೆ ಕರೆ ಸಿಗದಿರಲು ಇದೊಂದು ಕಾರಣ.

ಎರಡು, ನಿಮ್ಮ ಫೋನಿನ ಶಕ್ತಿ. ಟವರಿನ ಪ್ರೇಷಕ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಅಲೆಗಳನ್ನು ಹೊರಸೂಸುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಟವರು ಕೂಗುತ್ತದೆ, ಫೋನು ಪಿಸುಗುಡುತ್ತದೆ. ಊರಾಚೆ ನಿಂತಾಗ ಪರದೆಯಲ್ಲಿ ಎರಡು ಕಡ್ಡಿ ತೋರಿಸಿಯೂ ಕರೆ ಹೋಗದಿದ್ದರೆ ಫೋನನ್ನು ಬೈಯಬೇಡಿ. ಟವರಿನ ಕೂಗು ನಿಮಗೆ ಕೇಳಿಸಿದೆ. ನಿಮ್ಮ ಪಿಸುಮಾತು ಟವರಿಗೆ ಕೇಳಿಸಿಲ್ಲ. ಕಡ್ಡಿಗಳು ತೋರಿಸುವುದು ಬರುವ ದಾರಿಯನ್ನು ಮಾತ್ರ, ಹೋಗುವ ದಾರಿಯನ್ನಲ್ಲ.

ಟವರಿಗೂ ಕರೆಂಟು ಬೇಕು. ಕರೆಂಟು ಹೋದಾಗ ಬ್ಯಾಟರಿ ಕೆಲವು ಗಂಟೆ ನಡೆಸುತ್ತದೆ. ಆಮೇಲೆ ಜನರೇಟರು, ಅದಕ್ಕೆ ಡೀಸೆಲು. ದಾರಿಯಲ್ಲಿ ನೀರು ನಿಂತರೆ ಡೀಸೆಲು ಬರುವುದಿಲ್ಲ.

ಸ್ಥಿರ ದೂರವಾಣಿ ಹಳ್ಳಿಗೆ ಸರಿಯಾಗಿ ತಲುಪದೇ ಇದ್ದ ದೇಶಗಳಲ್ಲಿ ಮೊಬೈಲು ತಂದ ಬದಲಾವಣೆ ದೊಡ್ಡದು. ಆಫ್ರಿಕದ ಕೀನ್ಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ತಾಮ್ರದ ತಂತಿ ಹಳ್ಳಿಗಳಿಗೆ ಹೋಗಿದ್ದೇ ಕಡಿಮೆ. 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಸೇವೆಯಲ್ಲಿ ಅಂತರ್ಜಾಲವಿಲ್ಲದ ಸಾದಾ ಫೋನಿನಿಂದಲೇ ಜನ ಹಣ ಕಳಿಸತೊಡಗಿದರು. ಇದೇ ಕೀನ್ಯಾದಲ್ಲಿ 2020ರ ಜುಲೈಯಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಸುಮಾರು 20 ಕಿಲೋಮೀಟರು ಎತ್ತರದಲ್ಲಿ ತೇಲುವ ಬಲೂನುಗಳಿಂದ 4ಜಿ ಒದಗಿಸುವ ಲೂನ್ ಯೋಜನೆ ಅದು. ತಂತ್ರ ಫಲಿಸಿತು, ಖರ್ಚು ಹೊಂದಲಿಲ್ಲ. 2021ರಲ್ಲಿ ಅದು ನಿಂತಿತು. ಕೈಯಲ್ಲಿರುವ ಸಾದಾ ಉಪಕರಣವನ್ನು ಆಧರಿಸಿದ್ದು ಉಳಿಯಿತು, ದುಬಾರಿಯಾದದ್ದು ಉಳಿಯಲಿಲ್ಲ.

ನಮ್ಮಲ್ಲಿ ಬಿಎಸ್‌ಎನ್‌ಎಲ್ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್‌ನಲ್ಲಿ ವಿಧ್ಯುಕ್ತವಾಗಿ ಆರಂಭಿಸಿತು. ಅದರ ಟವರಿನ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ಕಂಪನಿಯದ್ದು, ಜಾಲದ ಕೇಂದ್ರಭಾಗ ರೂಪಿಸಿದ್ದು ಸಿ-ಡಾಟ್. ಹೌದು, ಕಿತ್ತೂರಿಗೆ ಪುಟ್ಟ ವಿನಿಮಯ ಕೇಂದ್ರ ಕೊಟ್ಟ ಅದೇ ಸಂಸ್ಥೆ.

ಬೆಳಕಿನ ದಾರಿ

ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಈಗ ಅದರ ಹೆಸರು ಭಾರತ್‌ನೆಟ್. ಕೂದಲಿನಷ್ಟು ತೆಳುವಾದ ಗಾಜಿನೊಳಗೆ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಮುಂದೆ ಸಾಗುತ್ತದೆ. ನಷ್ಟ ಎಷ್ಟು ಕಡಿಮೆ ನೋಡಿ. 1310 ನ್ಯಾನೊಮೀಟರಿನ ಅವಕೆಂಪು ಬೆಳಕು 20 ಕಿಲೋಮೀಟರು ಸಾಗಿದ ಮೇಲೂ ಐದನೆಯ ಒಂದು ಭಾಗ ಉಳಿದಿರುತ್ತದೆ. 1550 ನ್ಯಾನೊಮೀಟರಿನದಾದರೆ ನೂರಕ್ಕೆ 40ರಷ್ಟು ಉಳಿಯುತ್ತದೆ. ಮಳೆ, ಗುಡುಗು, ಅಡಿಕೆ ಸೋಗೆ ಯಾವುದೂ ಇದಕ್ಕೆ ತಾಗದು.

ಇದರ ಶತ್ರು ಜೆಸಿಬಿ. ರಸ್ತೆ ಅಗಲ ಮಾಡುವಾಗ, ನೀರಿನ ಪೈಪು ಹಾಕುವಾಗ ಕೇಬಲು ತುಂಡಾದರೆ ಅಲ್ಲಿಂದ ಮುಂದಿನ ಊರುಗಳೆಲ್ಲ ಮೌನ. ಕೇಬಲನ್ನು ಕೊಂಬೆಯಂತೆ ಎಳೆಯುವ ಬದಲು ಬಳೆಯಂತೆ ಎಳೆದರೆ, ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. 2023ರ ಆಗಸ್ಟ್‌ನಲ್ಲಿ ಮಂಜೂರಾದ ಪರಿಷ್ಕೃತ ಭಾರತ್‌ನೆಟ್‌ನಲ್ಲಿ ಈ ಬಳೆ ವಿನ್ಯಾಸವನ್ನು ಸ್ವೀಕರಿಸಲಾಗಿದೆ. ಅದೇನೇ ಇರಲಿ, ಎಳೆ ಬಂದು ನಿಲ್ಲುವುದು ಪಂಚಾಯಿತಿ ಕಚೇರಿಯಲ್ಲಿ. ಅಲ್ಲಿಂದ ಹಟ್ಟಿಗೆ, ತಾಂಡಾಕ್ಕೆ, ತೋಟದ ಮನೆಗೆ ಹೋಗುವ ಕೊನೆಯ ಹೆಜ್ಜೆ ಬೇರೆಯೇ ಇದೆ.

ಒಂದು ಲೆಕ್ಕ

ಈಗ ಮತ್ತೆ ಆ ರಾತ್ರಿಗೆ ಬರೋಣ. ಎಚ್ಚರಿಕೆಯ ಸಂದೇಶ ಮೊಬೈಲಿಗೆ ಹೋಗಿದೆ ಎಂದುಕೊಳ್ಳಿ. ಉದಾಹರಣೆಗಾಗಿ ಊರಿನಲ್ಲಿ 100 ಮನೆ ಇಟ್ಟುಕೊಳ್ಳೋಣ, ಅಂಕಿಗಳೂ ಲೆಕ್ಕಕ್ಕಾಗಿ ಊಹಿಸಿದವು. 90 ಮನೆಗಳಲ್ಲಿ ಸಿಗ್ನಲ್ ಇದೆ. ಅವುಗಳಲ್ಲಿ ನೂರಕ್ಕೆ 80ರಷ್ಟು ಮನೆಗಳಲ್ಲಿ ಆ ಹೊತ್ತಿಗೆ ಫೋನು ಮನೆಯಲ್ಲೇ ಇದೆ, ಉಳಿದ ಕಡೆ ಮನೆಯ ಯಜಮಾನರ ಜೊತೆ ಪರಊರಿಗೆ ಹೋಗಿದೆ. ಉಳಿದದ್ದು 72. ಅವುಗಳಲ್ಲಿ ನೂರಕ್ಕೆ 90ರಷ್ಟು ಫೋನುಗಳಲ್ಲಿ ಚಾರ್ಜು ಇದೆ. ಉಳಿದದ್ದು ಸುಮಾರು 65. ಅವುಗಳಲ್ಲಿ ನೂರಕ್ಕೆ 80ರಷ್ಟು ಮನೆಗಳಲ್ಲಿ ಮಾತ್ರ ಸಂದೇಶವನ್ನು ಓದಬಲ್ಲವರು ಎಚ್ಚರವಾಗಿದ್ದಾರೆ. ಉಳಿದದ್ದು 52.

ನೋಡಿದಿರಾ? ಪ್ರತಿ ಹೆಜ್ಜೆಯೂ ಪರವಾಗಿಲ್ಲ ಎನ್ನುವಂತಿದೆ. ಗುಣಿಸಿದರೆ ಅರ್ಧ ಊರಿಗೆ ಸುದ್ದಿಯೇ ಇಲ್ಲ. ‘ಊರಿಗೆ ನೆಟ್‌ವರ್ಕ್ ಬಂದಿದೆ’ ಎಂಬ ಮಾತು ಮೊದಲ ಹೆಜ್ಜೆಯನ್ನು ಮಾತ್ರ ಹೇಳುತ್ತದೆ.

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅನೇಕರ ಮೊಬೈಲುಗಳು ಒಮ್ಮೆಲೇ ಜೋರಾಗಿ ಸದ್ದು ಮಾಡಿದ್ದು ನೆನಪಿದೆಯೇ? ಅದು ವಿಪತ್ತು ಎಚ್ಚರಿಕೆಯ ಪರೀಕ್ಷೆ. ಸಾಮಾನ್ಯ ಎಸ್ಸೆಮ್ಮೆಸ್ ಒಬ್ಬೊಬ್ಬರಿಗೆ ಒಂದೊಂದಾಗಿ ಹೋಗುತ್ತದೆ, ಜಾಲ ದಟ್ಟಣೆಯಾದರೆ ಕಾಯುತ್ತದೆ. ಈ ಪದ್ಧತಿಯಲ್ಲಿ ಟವರು ಒಂದೇ ಸಂದೇಶವನ್ನು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಒಮ್ಮೆಗೇ ಬಿತ್ತರಿಸುತ್ತದೆ. ಅಂದರೆ ತುರ್ತಿನ ವೇಳೆ ಮೊಬೈಲು ಕೂಡ ರೇಡಿಯೋದಂತೆಯೇ ವರ್ತಿಸುತ್ತದೆ. ಸದ್ದಿನಿಂದ ನಿದ್ದೆಯಲ್ಲಿದ್ದವರೂ ಏಳುತ್ತಾರೆ. ಟವರು ನಿಂತರೆ ಮಾತ್ರ ಇದೂ ನಿಲ್ಲುತ್ತದೆ.

ಯಾವುದೇ ಒಂದು ದಾರಿ ಎಲ್ಲ ಮನೆಗಳಿಗೂ ಎಲ್ಲ ಹೊತ್ತಿನಲ್ಲೂ ತಲುಪುವುದಿಲ್ಲ. ಆದರೆ ದಾರಿಗಳ ದೌರ್ಬಲ್ಯ ಬೇರೆ ಬೇರೆ. ಮಳೆಯಲ್ಲಿ ಡಿಶ್ ಸೋತರೆ ಎಫ್‌ಎಂ ಸೋಲುವುದಿಲ್ಲ. ಟವರಿನ ಬ್ಯಾಟರಿ ಮುಗಿದರೂ ದೂರದ ಆಕಾಶವಾಣಿಯ ಪ್ರೇಷಕ ನಡೆಯುತ್ತಿರಬಹುದು. ರೇಡಿಯೋ ನಿಮ್ಮ ಮರುಮಾತು ಕೇಳದು, ಫೋನು ಕೇಳುತ್ತದೆ. ಮೇಲಿನ ಲೆಕ್ಕದ 48 ಮನೆಗಳಲ್ಲಿ ಅರ್ಧದಷ್ಟು ಮನೆಗಳಲ್ಲಿ ರೇಡಿಯೋ ಹಾಕಿದ್ದರೆ ಇನ್ನೂ 24 ಮನೆಗಳಿಗೆ ಸುದ್ದಿ ಸಿಗುತ್ತದೆ. ಉಳಿದ 24 ಮನೆಗಳ ಬಾಗಿಲನ್ನು ಅಕ್ಕಪಕ್ಕದವರು ಬಡಿಯಬೇಕು, ದೇವಸ್ಥಾನದ ಇಲ್ಲವೇ ಮಸೀದಿಯ ಮೈಕು ಕೂಗಬೇಕು.

ನಿಮ್ಮ ಊರಿನಲ್ಲಿ ಮಾಡಿ ನೋಡಿ

ನೀವು ಶಿಕ್ಷಕರಾಗಿದ್ದರೆ ಮಕ್ಕಳಿಂದ, ವಿದ್ಯಾರ್ಥಿಗಳಾಗಿದ್ದರೆ ಗೆಳೆಯರೊಡನೆ, ನಿಮ್ಮ ಊರಿನ ಇಪ್ಪತ್ತು ಮೂವತ್ತು ಮನೆಗಳಲ್ಲಿ ಈ ಪ್ರಶ್ನೆಗಳನ್ನು ಕೇಳಿ. ಮನೆಯೊಳಗೆ ಕೂತು ಕರೆ ಮಾಡಲು ಆಗುತ್ತದೆಯೇ, ಹೊರಗೆ ಬರಬೇಕೇ? ಹಗಲು ಹನ್ನೊಂದಕ್ಕೆ ಮನೆಯಲ್ಲಿ ಯಾರ ಬಳಿ ಫೋನಿರುತ್ತದೆ, ಅಜ್ಜಿಗೆ, ಅಮ್ಮನಿಗೆ ಅದು ಸಿಗುತ್ತದೆಯೇ? ಕರೆಂಟು ಹೋಗಿ ಎಷ್ಟು ಗಂಟೆಗೆ ಸಿಗ್ನಲ್ ಹೋಗುತ್ತದೆ? ಕೆಲಸ ಮಾಡುವ ರೇಡಿಯೋ ಇದೆಯೇ, ಯಾವ ಸ್ಟೇಷನ್ ಸಿಗುತ್ತದೆ? ಕನ್ನಡದಲ್ಲಿ ಬಂದ ಸಂದೇಶವನ್ನು ಓದಿ ಹೇಳುವವರು ಯಾರು?

ಉತ್ತರಗಳನ್ನು ಒಂದು ಕೋಷ್ಟಕದಲ್ಲಿ ಬರೆದು ಮೇಲಿನಂತೆ ಗುಣಿಸಿ. ಸಿಗ್ನಲ್ ಸಿಗದ ಜಾಗಗಳನ್ನು ಊರಿನ ನಕ್ಷೆಯಲ್ಲಿ ಗುರುತಿಸಿ. ಗುಡ್ಡದ ನೆರಳು, ತೋಟದ ಅಂಚು, ಹಳ್ಳದ ತಗ್ಗು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಿ. ಟವರು ಬೇಕೆಂಬ ಅರ್ಜಿಗಿಂತ, ಯಾವ ಮನೆಗಳಿಗೆ ಯಾವ ಹೊತ್ತಿನಲ್ಲಿ ಏಕೆ ಸುದ್ದಿ ತಲುಪುವುದಿಲ್ಲ ಎಂದು ತೋರಿಸುವ ನಕ್ಷೆಗೆ ತೂಕ ಹೆಚ್ಚು. ಅದರ ಜೊತೆಗೆ ಇನ್ನೊಂದು ಪಟ್ಟಿಯೂ ಇರಲಿ. ಮಳೆಗಾಲದ ರಾತ್ರಿ ಮೊದಲು ಯಾರ ಬಾಗಿಲು ಬಡಿಯಬೇಕು ಎಂಬ ಪಟ್ಟಿ.